ತೋಲೋಲಿಂಗ್ ಮೇಲೆ ಬಿದ್ದ ಹೆಲಿಕಾಪ್ಟರ್: "ಇತರ ಮೂವರು" ಅಂದ್ರೆ ಯಾರು ಸರ್?

ಮಲೆನಾಡ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಜುಲೈ 26 ಕಾರ್ಗಿಲ್ ವಿಜಯ ದಿವಸ. ಪ್ರತಿ ವರ್ಷ ಪ್ರಾರ್ಥನೆ ಆದ ಮೇಲೆ ಎರಡು ಮಾತು ಹೇಳಿ ಮುಗಿಸುತ್ತಿದ್ದೆವು. ಈ ಸಲ ಮಕ್ಕಳೇ ಒಂದು ಬೋರ್ಡ್ ಮಾಡೋಣ ಅಂದರು. ನಾಲ್ಕಡಿ ಅಗಲದ ಪ್ಲೈವುಡ್ ಹಲಗೆ ಸಿಕ್ಕಿತು. ಕಪ್ಪು ಬಣ್ಣ ಬಳಿದು, ಬಿಳಿ ಬಣ್ಣದಲ್ಲಿ ಬರೆಯೋದು ಅಂತ ಆಯ್ತು.

ವಾಯುಪಡೆಯ ಭಾಗ ಎಂಟನೇ ಕ್ಲಾಸಿನ ಒಬ್ಬ ಹುಡುಗಿಗೆ ಬಂತು. ಏನು ಬರೆಯಬೇಕು ಅಂತ ನಾನೇ ಒಂದು ಚೀಟಿಯಲ್ಲಿ ಕೊಟ್ಟೆ: "1999ರ ಮೇ 28ರಂದು ತೋಲೋಲಿಂಗ್ ಬೆಟ್ಟದ ಬಳಿ ಎಂಐ-17 ಹೆಲಿಕಾಪ್ಟರ್‌ಗೆ ಕ್ಷಿಪಣಿ ಬಡಿದು ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್ ಮತ್ತು ಇತರ ಮೂವರು ವೀರಮರಣ ಹೊಂದಿದರು."

ಅವಳು ಚೀಟಿ ಓದಿ, ಬ್ರಷ್ ಹಿಡ್ಕೊಂಡೇ ಕೇಳಿದಳು: "ಸರ್, ಇತರ ಮೂವರು ಅಂದ್ರೆ ಯಾರು?"

ನನಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಕಾರ್ಗಿಲ್ ಪಾಠ ಮಾಡುತ್ತಿದ್ದೇನೆ, ಗೊತ್ತಿರಲಿಲ್ಲ. ಮನೆಗೆ ಬಂದು ರಾತ್ರಿ ಕೂತು ಹುಡುಕಿದೆ. ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್. ಸಾರ್ಜೆಂಟ್ ಪಿ.ವಿ.ಎನ್.ಆರ್. ಪ್ರಸಾದ್. ಸಾರ್ಜೆಂಟ್ ಆರ್.ಕೆ. ಸಾಹು. ಹೆಸರು ಸಿಕ್ಕವು. ಆದರೆ ಈ ಸಾರ್ಜೆಂಟ್‌ಗಳು ಹೆಲಿಕಾಪ್ಟರ್‌ನಲ್ಲಿ ಏನು ಕೆಲಸ ಮಾಡುತ್ತಾರೆ ಅಂತ ಮಕ್ಕಳಿಗೆ ಸರಿಯಾಗಿ ಹೇಳಬೇಕಲ್ಲ. ನಾಳೆ ಅದನ್ನೂ ಕೇಳೇ ಕೇಳುತ್ತಾಳೆ. ಇಲ್ಲಿ ವಾಯುಪಡೆಯಲ್ಲಿ ಇದ್ದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಹಲಗೆಯಲ್ಲಿ ಜಾಗ ಕಮ್ಮಿ ಇದೆ, ಅದೂ ಒಂದು ಚಿಂತೆ.

ಬಯಲುಸೀಮೆ

ಒಳ್ಳೆ ಕೆಲಸ ಮೇಷ್ಟ್ರೇ. ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ.

ಕಡೂರು ಹುಡುಗ

ಸರ್, ಅದು ಮೇ 27 ಅಲ್ವಾ? ನಮ್ಮ ಪೈಲಟ್ ನಚಿಕೇತ ಅವರನ್ನ ಪಾಕಿಸ್ತಾನದವರು ಹಿಡಿದ ದಿನವೇ ಹೆಲಿಕಾಪ್ಟರ್ ಕೂಡ ಬಿದ್ದಿದ್ದು ಅಂತ ನೆನಪು. ಎಂಐ-17 ನಮ್ಮ ಎಚ್‌ಎಎಲ್‌ನದ್ದೇ ತಾನೇ?

ನಿವೃತ್ತ ಸಾರ್ಜೆಂಟ್, ಯಲಹಂಕ

ಕಡೂರು ಹುಡುಗ, ಎರಡೂ ತಪ್ಪು. ಬೇಜಾರು ಮಾಡ್ಕೋಬೇಡಪ್ಪ, ಸರಿ ಮಾಡ್ತೀನಿ.

ವಾಯುಪಡೆಯ ಕಾರ್ಯಾಚರಣೆ, ಅಂದ್ರೆ ಆಪರೇಷನ್ ಸಫೇದ್ ಸಾಗರ್, ಶುರುವಾಗಿದ್ದು 1999ರ ಮೇ 26ಕ್ಕೆ. ಮಾರನೇ ದಿನ 27ಕ್ಕೆ ಎರಡು ಜೆಟ್ ಹೋದವು. ನಚಿಕೇತ ಅವರ ಮಿಗ್-27, ಆಮೇಲೆ ಸ್ಕ್ವಾಡ್ರನ್ ಲೀಡರ್ ಅಜಯ್ ಆಹುಜಾ ಅವರ ಮಿಗ್-21. ನಚಿಕೇತ ಸೆರೆಯಾಗಿ ವಾಪಸ್ ಬಂದರು, ಆಹುಜಾ ಬರಲಿಲ್ಲ. ಹೆಲಿಕಾಪ್ಟರ್ ಬಿದ್ದಿದ್ದು ಅದರ ಮಾರನೇ ದಿನ, 28. ಮೇಷ್ಟ್ರು ಬರೆದಿದ್ದೇ ಸರಿ. ಎಂಐ-17 ರಷ್ಯಾದ್ದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮಾಡಿದ್ದು ಚೇತಕ್, ಚೀತಾ. ಅವೂ ಕಾರ್ಗಿಲ್‌ನಲ್ಲಿ ಗಾಯಾಳುಗಳನ್ನ ಹೊತ್ತು ತಂದವು.

ಮೇಷ್ಟ್ರೇ, ನೀವು ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬೇಕು. ಊಟ ಮಾಡಿ ಬಂದು ಬರೀತೀನಿ.

ಕಡೂರು ಹುಡುಗ

ಸರಿ ಸರ್, ತಿದ್ದಿಕೊಂಡೆ. ಥ್ಯಾಂಕ್ಸ್.

ಪ್ರಶ್ನೆ ಕೇಳುವವ

ಒಂದು ಮಾತು. ಕಾರ್ಗಿಲ್‌ನಲ್ಲಿ ನಮ್ಮ ಕಡೆ 527 ಜನ ಸತ್ತರು. ನಾಲ್ಕಡಿ ಹಲಗೆ ಮೇಲೆ ಎಲ್ಲರ ಹೆಸರು ಬರೆಯೋಕಾಗಲ್ಲ. ಹಾಗಿರುವಾಗ ಈ ನಾಲ್ವರದ್ದು ಮಾತ್ರ ಬರೆದರೆ ಉಳಿದವರಿಗೆ ಅನ್ಯಾಯ ಅಲ್ವಾ? "ನಾಲ್ವರು ವಾಯುಯೋಧರು" ಅಂತ ಬರೆದರೆ ಸಾಕು. ಯಾರ ಹೆಸರೂ ಬೇಡ, ಪೈಲಟ್ ಹೆಸರೂ ಬೇಡ. ಎಲ್ಲರೂ ಸಮ.

ಗದಗಿನ ಅಕ್ಕ

ಹೆಸರು ಬೇಡ ಅನ್ನಬೇಡಿ ತಮ್ಮ. ಹೆಸರಿಲ್ಲದ ಸುದ್ದಿ ಮನೆಯವರಿಗೆ ಏನು ಮಾಡುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮಣ್ಣ ವಾಯುಪಡೆಯಲ್ಲಿದ್ದ. 1999ರಲ್ಲಿ ಉತ್ತರದ ಕಡೆ ಒಂದು ಹೆಲಿಕಾಪ್ಟರ್ ಘಟಕದಲ್ಲಿ ಟೆಕ್ನಿಷಿಯನ್. ಅವನ ಕಾಗದದ ಮೇಲೆ ಊರಿನ ಹೆಸರೇ ಇರುತ್ತಿರಲಿಲ್ಲ, "56 ಎಪಿಒ" ಅಂತ ಮಾತ್ರ, ಸೇನೆಯ ಅಂಚೆ ವಿಳಾಸ ಅದು. ಎಲ್ಲಿದ್ದಾನೆ ಅಂತ ಯಾರಾದರೂ ಕೇಳಿದರೆ ಅವ್ವ "ಐವತ್ತಾರರಲ್ಲಿದ್ದಾನೆ" ಅನ್ನುತ್ತಿದ್ದಳು, ಅದೇ ಊರಿನ ಹೆಸರು ಅನ್ನೋ ಹಾಗೆ.

ಮೇ ಕೊನೆಯ ವಾರ ರೇಡಿಯೋದಲ್ಲಿ ಬಂತು. ಹೆಲಿಕಾಪ್ಟರ್ ಹೊಡೆದುರುಳಿಸಿದ್ದಾರೆ, ನಾಲ್ವರು ಇದ್ದರು. ಅಷ್ಟೇ. ಅವ್ವ ಆಗಷ್ಟೇ ಅಪ್ಪನಿಗೆ ರೊಟ್ಟಿ ಬಡಿಸಿದ್ದಳು. ಅಪ್ಪ ತಾಟನ್ನ ಹಾಗೇ ಸರಿಸಿಟ್ಟರು. ಅವ್ವ ಅದರ ಮೇಲೆ ಇನ್ನೊಂದು ತಾಟು ಮುಚ್ಚಿದಳು. ಯಾರೂ ಏನೂ ಮಾತಾಡಲಿಲ್ಲ. ಅಣ್ಣ ಹಾರುವವನಲ್ಲ, ನೆಲದ ಮೇಲೆ ಕೆಲಸ ಮಾಡುವವನು ಅಂತ ನಮಗೆ ಗೊತ್ತಿತ್ತು. ಆದರೂ ಯುದ್ಧ ಅಲ್ವಾ, ಯಾರನ್ನ ಎಲ್ಲಿಗೆ ಕಳಿಸಿದ್ದಾರೋ ಯಾರಿಗೆ ಗೊತ್ತು.

ಮರುದಿನ ಪೇಪರ್ ಬಂದಾಗ ಅವ್ವ ಮೊದಲು ನನ್ನ ಕೈಯಿಂದ ಕಿತ್ತುಕೊಂಡಳು. ಆಮೇಲೆ ತನಗೆ ಓದಲು ಬರಲ್ಲ ಅಂತ ನೆನಪಾಗಿ ವಾಪಸ್ ಕೊಟ್ಟಳು. ಅಣ್ಣನ ಹೆಸರು ಇರಲಿಲ್ಲ. "ಇಲ್ಲವ್ವ" ಅಂದೆ. ಅವಳು ನಗಲಿಲ್ಲ. "ಹಂಗಾದ್ರ ಯಾರದ್ದೈತಿ?" ಅಂತ ಕೇಳಿದಳು. ಓದಿ ಹೇಳಿದೆ. ಬಾಯಲ್ಲಿ ಬರದ ಹೆಸರುಗಳನ್ನೆಲ್ಲ ಇನ್ನೊಂದು ಸಲ ಹೇಳು, ಇನ್ನೊಂದು ಸಲ ಹೇಳು ಅಂತ ಹೇಳಿಸಿದಳು. ಆಮೇಲೆ ಅಂದಳು, "ಅವರವ್ವಂದಿರೂ ನಿನ್ನೆ ರೇಡಿಯೋ ಕೇಳಿರ್ತಾರ."

ಅವತ್ತೂ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ.

ಬಯಲುಸೀಮೆ

ಅಕ್ಕಾ, ಓದಿ ಸುಮ್ಮನೆ ಕೂತುಬಿಟ್ಟೆ.

ಪ್ರಶ್ನೆ ಕೇಳುವವ

ಅಕ್ಕ, ನಿಮ್ಮ ಮಾತು ಒಪ್ಪುತ್ತೇನೆ. ಹೆಸರು ಬೇಡ ಅಂದಿದ್ದು ಅಗೌರವದಿಂದ ಅಲ್ಲ. ಆಯ್ಕೆ ಮಾಡೋದು ಸರಿಯಲ್ಲ ಅನ್ನೋದಷ್ಟೇ ನನ್ನ ತಕರಾರು. ಅದು ಈಗಲೂ ಇದೆ.

ನಿವೃತ್ತ ಸಾರ್ಜೆಂಟ್, ಯಲಹಂಕ

ಬಂದೆ. ಗದಗಿನ ಅಕ್ಕನವರೇ, ನಿಮ್ಮ ತಾಯಿಗೆ ನನ್ನ ನಮಸ್ಕಾರ.

ಮೇಷ್ಟ್ರೇ, ನಾನು ಹದಿನೆಂಟಕ್ಕೆ ಸೇರಿದೆ. ಮೊದಲ ತರಬೇತಿ ನಮ್ಮ ಬೆಳಗಾವಿಯ ಸಾಂಬ್ರಾದಲ್ಲೇ. ದೇಶದ ಎಲ್ಲಾ ಮೂಲೆಯ ಹುಡುಗರು ಅಲ್ಲಿಗೆ ಬರ್ತಾರೆ. ಕೈಯಲ್ಲಿ ಒಂದು ಕಪ್ಪು ಟ್ರಂಕ್. ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು ಬರೆಸಿಕೊಳ್ಳಬೇಕು. ಬಡ್ತಿ ಸಿಕ್ಕಿದ ಹಾಗೆಲ್ಲ ರ‍್ಯಾಂಕ್ ಮಾತ್ರ ಅಳಿಸಿ ಹೊಸದು ಬರೆಯೋದು. ಹೆಸರು ಹಾಗೇ ಇರುತ್ತೆ. ನಿಮ್ಮ ಕಪ್ಪು ಹಲಗೆ, ಬಿಳಿ ಅಕ್ಷರ ಅಂದಾಗ ನನಗೆ ಆ ಟ್ರಂಕೇ ಕಣ್ಣ ಮುಂದೆ ಬಂತು.

ಏರ್‌ಮನ್ ಆಗಿ ಸೇರಿ, ಕಾರ್ಪೊರಲ್ ಆಗಿ, ಆಮೇಲೆ ಸಾರ್ಜೆಂಟ್. ತೋಳಿನ ಮೇಲೆ ಮೂರು ಪಟ್ಟಿ. ಅದಕ್ಕೆ ವರ್ಷಗಟ್ಟಲೆ ಬೇಕು. ಹಾಗಾಗಿ ಸಾರ್ಜೆಂಟ್ ಅಂದ್ರೆ ಕೆಲಸ ಬಲ್ಲವನು, ಕೆಳಗಿನ ಹುಡುಗರಿಗೆ ಹೇಳಿಕೊಡುವವನು ಅಂತ ಅರ್ಥ.

ಈಗ ಎಂಐ-17 ಒಳಗೆ ಬನ್ನಿ. ಮುಂದೆ ಎರಡು ಸೀಟು, ಪೈಲಟ್ ಮತ್ತು ಸಹ ಪೈಲಟ್. ಅವರಿಬ್ಬರ ಮಧ್ಯೆ, ಸ್ವಲ್ಪ ಹಿಂದೆ, ಬಾಗಿಲ ದಾರಿಯಲ್ಲೇ ಒಂದು ಮಡಚುವ ಸಣ್ಣ ಸೀಟು ಇರುತ್ತೆ. ಅದು ಫ್ಲೈಟ್ ಎಂಜಿನಿಯರ್ ಜಾಗ. ಎರಡೂ ಎಂಜಿನ್ ಹೇಗೆ ಓಡ್ತಿವೆ, ಬಿಸಿ ಎಷ್ಟಾಯ್ತು, ಎಣ್ಣೆಯ ಒತ್ತಡ ಎಷ್ಟು, ಇಂಧನ ಎಷ್ಟಿದೆ ಅಂತ ಅವನ ಕಣ್ಣು ಮುಳ್ಳುಗಳ ಮೇಲೇ ಇರಬೇಕು. ಪೈಲಟ್‌ಗಳು ಗುಡ್ಡ ನೋಡ್ತಿರ್ತಾರೆ, ಇವನು ಗಾಜಿನ ಒಳಗಿನ ಮುಳ್ಳು ನೋಡ್ತಿರ್ತಾನೆ. ಎತ್ತರದಲ್ಲಿ ಎಂಜಿನ್‌ಗೆ ಉಸಿರು ಸಾಲಲ್ಲ. ಅಲ್ಲಿ ಇವನು ಹೇಳೋ ಒಂದೊಂದು ಮಾತಿಗೂ ಬೆಲೆ ಇದೆ. ಗನ್ನರ್ ಇದ್ದರೆ ಅವನು ಹಿಂದೆ ಇರ್ತಾನೆ. ಪಕ್ಕದಿಂದ, ಹಿಂದಿನಿಂದ ಏನು ಬರ್ತಿದೆ ಅಂತ ಪೈಲಟ್‌ಗೆ ಕಾಣಲ್ಲ. ಅದನ್ನ ನೋಡಿ ಕೂಗಿ ಹೇಳೋನು ಅವನೇ.

ಇಳಿದ ಮೇಲೂ ಅವರ ಕೆಲಸ ಮುಗಿಯಲ್ಲ. ಪೈಲಟ್‌ಗಳು ವರದಿ ಕೊಡೋಕೆ ಹೋದ ಮೇಲೆ ಇವರು ಯಂತ್ರ ಸುತ್ತಿ ನೋಡ್ತಾರೆ. ನಾನು ಹಾರಿದ ದಿನಗಳಲ್ಲಿ ಕೈಗೆ ಮೆತ್ತಿದ ಗ್ರೀಸ್ ವಾಸನೆ ಊಟದ ಹೊತ್ತಿಗೂ ಹೋಗ್ತಿರಲಿಲ್ಲ.

ನಾನು ಕಾರ್ಗಿಲ್‌ನಲ್ಲಿ ಹಾರಿಲ್ಲ. ಅದನ್ನ ಸ್ಪಷ್ಟವಾಗಿ ಹೇಳ್ತೀನಿ. ಆದರೆ ಆ ಸೀಟಿನ ಮೇಲೆ ಕೂತಿದ್ದೇನೆ. ಹಾಗಾಗಿ "ಇತರ ಮೂವರು" ಅಂತ ಓದಿದಾಗ ಹೊಟ್ಟೆ ಚುರ್ ಅನ್ನುತ್ತೆ.

ಮಲೆನಾಡ ಮೇಷ್ಟ್ರು

ಸರ್, ಇದಕ್ಕಿಂತ ಚೆನ್ನಾಗಿ ಯಾರೂ ಹೇಳೋಕಾಗಲ್ಲ. ನಾಳೆ ಕ್ಲಾಸಿನಲ್ಲಿ ಎರಡು ಬೆಂಚು ಮುಂದೆ ಹಾಕಿ, ಮಧ್ಯೆ ಒಂದು ಸ್ಟೂಲ್ ಇಟ್ಟು ತೋರಿಸುತ್ತೇನೆ.

ಚೆನ್ನೈನಲ್ಲಿರುವ ಕನ್ನಡತಿ

ಮೇಷ್ಟ್ರೇ, ಬೋರ್ಡ್ ಮೇಲೆ ಮುಹಿಲನ್ ಹೆಸರು ಹೇಗೆ ಬರೆಯುತ್ತಿದ್ದೀರಿ? ಅದು ತಮಿಳು ಹೆಸರು. ತಮಿಳಲ್ಲಿ ಮುಗಿಲ್ ಅಂದರೆ ಮೋಡ. ನಮ್ಮ ಕನ್ನಡದ ಮುಗಿಲು ಇದೆಯಲ್ಲ, ಅದೇ ಪದ. ಇಲ್ಲಿ ಪಕ್ಕದ ಮನೆಯಲ್ಲೂ ಆ ಹೆಸರಿನ ಒಬ್ಬ ಹುಡುಗ ಇದ್ದಾನೆ. ಅವನ ಅಜ್ಜಿ "ಮುಗಿಲಾ" ಅಂತ ಕರೆದಾಗ ನನಗೆ ಪ್ರತಿ ಸಲ ನಮ್ಮೂರಿನ ಮಾತು ಕೇಳಿದ ಹಾಗಾಗುತ್ತೆ.

ಹಾರುವ ಹುಡುಗನಿಗೆ ಎಂಥ ಹೆಸರು ಇಟ್ಟಿದ್ದರು ನೋಡಿ.

ಕಡೂರು ಹುಡುಗ

ಅಯ್ಯೋ. ಇದು ಗೊತ್ತಿರಲಿಲ್ಲ. ಹಾಗಾದರೆ "ಮುಗಿಲನ್" ಅಂತಲೇ ಬರೆಯಬಹುದಲ್ವಾ, ನಮ್ಮ ಮಕ್ಕಳಿಗೆ ಅರ್ಥ ಆಗುತ್ತೆ?

ಚೆನ್ನೈನಲ್ಲಿರುವ ಕನ್ನಡತಿ

ಬೇಡಪ್ಪ. ದಾಖಲೆಯಲ್ಲಿ ಮುಹಿಲನ್ ಅಂತ ಇದೆ, ಹಾಗೇ ಇರಲಿ. ಅರ್ಥ ಬಾಯಲ್ಲಿ ಹೇಳಿದರೆ ಆಯ್ತು. ಹೆಸರನ್ನ ನಮಗೆ ಬೇಕಾದ ಹಾಗೆ ತಿದ್ದೋದು ಬೇಡ.

ದಾವಣಗೆರೆ ವಕೀಲ

ನನ್ನ ಪ್ರಶ್ನೆ ಬೇರೆ. ಎಲ್ಲರೂ ವೀರಮರಣ ಅಂತೀರಿ. ಅವರನ್ನ ಅಲ್ಲಿಗೆ ಆ ಯಂತ್ರದಲ್ಲಿ ಕಳಿಸಿದ್ದು ಸರಿಯಾ? ಎಂಐ-17 ಸಾಮಾನು, ಜನ ಸಾಗಿಸೋ ಹೆಲಿಕಾಪ್ಟರ್. ಅದಕ್ಕೆ ರಾಕೆಟ್ ಕಟ್ಟಿ ಯುದ್ಧಕ್ಕೆ ಕಳಿಸಿದರು. ಅದರಲ್ಲಿ ಫ್ಲೇರ್ ಕೂಡ ಇರಲಿಲ್ಲ ಅಂತ ಓದಿದ್ದೇನೆ. ಮಕ್ಕಳಿಗೆ ಇದನ್ನೂ ಹೇಳಬೇಕಲ್ವಾ ಮೇಷ್ಟ್ರೇ?

ತುಮಕೂರಿನ ಎಂಜಿನಿಯರ್

ವಕೀಲರೇ, ಒಳ್ಳೆಯ ಪ್ರಶ್ನೆ. ಆದರೆ ಸ್ವಲ್ಪ ಬಿಡಿಸಿ ನೋಡೋಣ.

ತೋಲೋಲಿಂಗ್ ಯಾಕೆ ಮುಖ್ಯ ಆಗಿತ್ತು? ಅದು ದ್ರಾಸ್ ಊರಿನ ನೆತ್ತಿಯ ಮೇಲೇ ಇದೆ. ಶ್ರೀನಗರದಿಂದ ಲೇಹ್‌ಗೆ ಹೋಗೋ ಹೆದ್ದಾರಿ ಅದರ ಕೆಳಗೇ ಹೋಗುತ್ತೆ. ಮೇಲೆ ಕೂತವನಿಗೆ ರಸ್ತೆಯ ಮೇಲಿನ ಒಂದೊಂದು ಲಾರಿಯೂ ಕಾಣುತ್ತೆ. ಕೆಳಗಿಂದ ಹತ್ತುವ ನಮ್ಮ ಸೈನಿಕರಿಗೆ ಮರೆ ಅನ್ನೋದೇ ಇಲ್ಲ, ಬೋಳು ಬಂಡೆ. ಅವರಿಗೆ ಮೇಲಿನಿಂದ ನೆರವು ಬೇಕೇ ಬೇಕಿತ್ತು. ಅದಕ್ಕೆ ಎಂಐ-17ಗಳಿಗೆ 57 ಮಿ.ಮೀ. ರಾಕೆಟ್ ಕೊಳವೆಗಳನ್ನ ಕಟ್ಟಿ ಕಳಿಸಿದರು.

ಆ ಎತ್ತರ ಎಂಥದ್ದು ಗೊತ್ತಾ? ದ್ರಾಸ್ ಊರೇ ಹತ್ತಿರ ಹತ್ತಿರ 10,800 ಅಡಿ. ಶಿಖರಗಳು 15,000 ಅಡಿ ದಾಟುತ್ತವೆ. ಗಾಳಿ ತೆಳು. ರೆಕ್ಕೆಗೆ ಹಿಡಿತ ಸಿಗಲ್ಲ, ಎಂಜಿನ್ ಬಲ ಕಮ್ಮಿ ಆಗುತ್ತೆ. ಬೇಗ ತಿರುಗೋಕೂ ಆಗಲ್ಲ. ಆ ರಾಕೆಟ್‌ಗಳಿಗೆ ತಾವೇ ಗುರಿ ಹುಡುಕೋ ಬುದ್ಧಿ ಇಲ್ಲ. ಹೆಲಿಕಾಪ್ಟರನ್ನೇ ಗುರಿಯ ಕಡೆ ನೇರ ಇಟ್ಟುಕೊಂಡು ಹೋಗಿ ಹೊಡೆಯಬೇಕು, ಆಮೇಲೆ ತಿರುಗಬೇಕು. ತಿರುಗುವ ಆ ಹೊತ್ತು ತುಂಬಾ ಅಪಾಯದ್ದು. ಎಂಜಿನ್ ಬಿಸಿ ಶತ್ರುವಿನ ಕಡೆಗೆ ಮುಖ ಮಾಡುತ್ತೆ. ಸ್ಟಿಂಗರ್ ಕ್ಷಿಪಣಿ ಹಿಂಬಾಲಿಸೋದು ಬಿಸಿಯನ್ನೇ. ಹೆಗಲ ಮೇಲಿಟ್ಟು ಒಬ್ಬ ಮನುಷ್ಯ ಹೊಡೀಬಹುದು. ಬಯಲಲ್ಲಾದರೆ ಹೆಲಿಕಾಪ್ಟರ್ ಮೇಲೆ, ಶತ್ರು ಕೆಳಗೆ. ಇಲ್ಲಿ ಹೊಡೆಯುವವನೂ ಬೆಟ್ಟದ ಮೇಲೆ ಹೆಲಿಕಾಪ್ಟರ್ ಎತ್ತರದಲ್ಲೇ ಕೂತಿದ್ದ.

ಫ್ಲೇರ್ ಅಂದರೆ ಉರಿಯುವ ಬೆಂಕಿಯುಂಡೆಗಳು. ಕ್ಷಿಪಣಿ ಎಂಜಿನ್ ಬಿಟ್ಟು ಅದರ ಬಿಸಿಯ ಹಿಂದೆ ಹೋಗಲಿ ಅಂತ ಬಿಡೋದು. ಅವರು ಹಾರಿದ ಯಂತ್ರದಲ್ಲಿ ಅದು ಇರಲಿಲ್ಲ. ನೀವು ಓದಿದ್ದು ನಿಜ. "ನುಬ್ರಾ" ಅನ್ನೋ ತಂಡದ ಹೆಸರಲ್ಲಿ ಹೋದರು, ರಾಕೆಟ್ ಹೊಡೆದು ಕೆಲಸ ಮುಗಿಸಿದ್ದರು. ವಾಪಸ್ ತಿರುಗುವಾಗಲೇ ಕ್ಷಿಪಣಿ ಬಡೀತು.

ದಾವಣಗೆರೆ ವಕೀಲ

ಅದನ್ನೇ ನಾನು ಹೇಳ್ತಿರೋದು. ಇಷ್ಟೆಲ್ಲ ಗೊತ್ತಿದ್ದೂ ಕಳಿಸಿದರು. ಹೊಗಳಿಕೆಯ ಮಾತಿನ ಕೆಳಗೆ ಇದು ಮುಚ್ಚಿಹೋಗಬಾರದು.

ನಿವೃತ್ತ ಸಾರ್ಜೆಂಟ್, ಯಲಹಂಕ

ವಕೀಲರೇ, ಮುಚ್ಚಿಟ್ಟಿಲ್ಲ. ಅದಾದ ಕೂಡಲೇ ಎಂಐ-17ಗಳನ್ನ ದಾಳಿಯ ಕೆಲಸದಿಂದ ಹಿಂದಕ್ಕೆ ತಗೊಂಡರು. ಜೆಟ್‌ಗಳು ಎತ್ತರದಿಂದ ಹೊಡೆಯೋಕೆ ಶುರು ಮಾಡಿದವು. ಆಮೇಲೆ ಮಿರಾಜ್-2000 ಲೇಸರ್ ಬಾಂಬ್ ತಗೊಂಡು ಬಂತು. ಆ ಬದಲಾವಣೆಗೆ ಬೆಲೆ ಕೊಟ್ಟವರು ಇವರು. ನನಗೂ ಸಿಟ್ಟಿದೆ. ಆದರೆ ಒಂದು ಮಾತು ನೆನಪಿಡಿ. ಹಿಂದಿನ ಎರಡು ದಿನದಲ್ಲಿ ಏನಾಗಿತ್ತು ಅಂತ ಅವರಿಗೂ ಗೊತ್ತಿತ್ತು. ಹಿಂದಿನ ದಿನ ಎರಡು ಜೆಟ್ ಬಿದ್ದಿದ್ದವು. ಬೆಳಗ್ಗೆ ಎದ್ದು, ಬೂಟು ಕಟ್ಟಿಕೊಂಡು, ಯಂತ್ರದ ಸುತ್ತ ಒಂದು ಸುತ್ತು ಬಂದು, ಹತ್ತಿದರು. ಕೆಳಗೆ ಬಂಡೆಗೆ ಅಂಟಿಕೊಂಡು ಕೂತ ಕಾಲಾಳು ಸೈನಿಕರಿಗೋಸ್ಕರ ಹತ್ತಿದರು.

ತೋಲೋಲಿಂಗ್ ನಮ್ಮ ಕೈಗೆ ಬಂದಿದ್ದು ಜೂನ್ 13ಕ್ಕೆ. ಅಂದ್ರೆ ಇದಾಗಿ ಎರಡು ವಾರದ ಮೇಲೆ. ಅದಕ್ಕೆ ಎಷ್ಟು ಜನ ಸೈನಿಕರು ಜೀವ ಕೊಟ್ಟರು ಅಂತ ಎಲ್ಲರಿಗೂ ಗೊತ್ತು.

ದಾವಣಗೆರೆ ವಕೀಲ

ಸರ್, ನಿಮ್ಮ ಮಾತಿಗೆ ಎದುರು ಹೇಳಲ್ಲ. ಎರಡನ್ನೂ ಮಕ್ಕಳಿಗೆ ಹೇಳಲಿ ಅನ್ನೋದಷ್ಟೇ ನನ್ನ ಕೋರಿಕೆ. ಅವರ ಧೈರ್ಯವನ್ನೂ, ಯಂತ್ರದಲ್ಲಿ ಫ್ಲೇರ್ ಇರಲಿಲ್ಲ ಅನ್ನೋದನ್ನೂ.

ಬಯಲುಸೀಮೆ

ಈಗ ಪರಿಸ್ಥಿತಿ ಹೇಗಿದೆ? ಅಂಥ ಎತ್ತರಕ್ಕೆ ಅಂತಲೇ ಬೇರೆ ಹೆಲಿಕಾಪ್ಟರ್ ಬಂದಿದೆಯಂತಲ್ಲ?

ತುಮಕೂರಿನ ಎಂಜಿನಿಯರ್

ಹೌದು. ಪ್ರಚಂಡ್. ಎಚ್‌ಎಎಲ್ ಬೆಂಗಳೂರಲ್ಲಿ ಮಾಡಿದ ಹಗುರ ಯುದ್ಧ ಹೆಲಿಕಾಪ್ಟರ್. ಅಂಥ ಬೆಟ್ಟದ ಮೇಲೆ ಹೋರಾಡೋ ನಮ್ಮದೇ ಹೆಲಿಕಾಪ್ಟರ್ ಬೇಕು ಅಂತ ಅನ್ನಿಸಿದ್ದೇ ಕಾರ್ಗಿಲ್‌ನಿಂದ. 2022ರ ಅಕ್ಟೋಬರ್‌ನಲ್ಲಿ ಜೋಧಪುರದಲ್ಲಿ ವಾಯುಪಡೆಗೆ ಸೇರಿತು. ಯುದ್ಧ ಆಗಿ ಇಪ್ಪತ್ತಮೂರು ವರ್ಷ. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲೂ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಶುರುವಾಯ್ತು. ಆ ಕಡೆ ಹೋದಾಗಲೆಲ್ಲ ನನಗೆ ಈ ನಾಲ್ವರ ನೆನಪಾಗುತ್ತೆ. ಪ್ರಚಂಡ್‌ನಲ್ಲಿ ಇಬ್ಬರೇ ಕೂರೋದು, ಹಿಂದೊಬ್ಬ ಮುಂದೊಬ್ಬ.

ಕಡೂರು ಹುಡುಗ

ಪ್ರಚಂಡ್‌ನ ಏರ್ ಶೋದಲ್ಲಿ ನೋಡಿದ್ದೆ! ಯಲಹಂಕದಲ್ಲಿ. ಗಿರಕಿ ಹೊಡೆದಿದ್ದು ನೋಡಿ ಎಲ್ಲರೂ ಚಪ್ಪಾಳೆ ಹೊಡೆದರು. ಇದರ ಹಿಂದೆ ಇಷ್ಟೆಲ್ಲ ಇದೆ ಅಂತ ಅವತ್ತು ಗೊತ್ತಿರಲಿಲ್ಲ.

ಶಾಸನ ಓದುವವಳು

ತಡವಾಗಿ ಬಂದೆ, ಕ್ಷಮಿಸಿ. ಮೇಲೆ ಒಬ್ಬರು ಹೆಸರೇ ಬೇಡ, "ನಾಲ್ವರು" ಅಂದರೆ ಸಾಕು ಅಂದಿದ್ದಾರೆ. ಅದಕ್ಕೆ ನನ್ನ ಉತ್ತರ.

ನಮ್ಮ ನಾಡಿನಲ್ಲಿ ಸತ್ತವರನ್ನ ನೆನೆಯೋದು ಹೇಗೆ ಅಂತ ನಮ್ಮ ಹಿರಿಯರು ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ. ವೀರಗಲ್ಲು ನೋಡಿ. ಕೆಳಗಿನ ಅಂಕಣದಲ್ಲಿ ಕಾಳಗ, ಮಧ್ಯದಲ್ಲಿ ವೀರನನ್ನ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಅವನು ಶಿವನ ಮುಂದೆ ಕೂತಿರೋದು. ಎಷ್ಟೋ ಕಲ್ಲುಗಳಲ್ಲಿ ಹೆಸರು ಇರುತ್ತೆ, ಯಾವ ಕಾಳಗ ಅಂತ ಇರುತ್ತೆ. ಬೆಂಗಳೂರಿನ ಬೇಗೂರಿನ ಕಲ್ಲು ಎಲ್ಲರಿಗೂ ಗೊತ್ತು. "ಬೆಂಗಳೂರು" ಅನ್ನೋ ಹೆಸರು ಅದರಲ್ಲಿ ಸಿಗುತ್ತೆ ಅಂತ ಎಲ್ಲರೂ ಅದನ್ನ ಹೊಗಳ್ತಾರೆ. ಆದರೆ ಆ ಕಲ್ಲು ನೆಟ್ಟಿದ್ದು ಊರಿನ ಹೆಸರು ಹೇಳೋಕಲ್ಲ. ಬೆಂಗಳೂರ ಕಾಳಗದಲ್ಲಿ ಸತ್ತ ಬುಟ್ಟಣ ಸೆಟ್ಟಿ ಅನ್ನೋನಿಗೆ. ಅವನು ರಾಜನೇನಲ್ಲ. ಸಾವಿರ ವರ್ಷ ಆದ ಮೇಲೂ ಅವನ ಹೆಸರು ನಾವು ಓದುತ್ತಿದ್ದೇವೆ.

ಇನ್ನೂ ಒಂದಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು, 10ನೇ ಶತಮಾನ. ಅದರಲ್ಲಿ ದೊಡ್ಡ ದೊಡ್ಡ ಅರಸರ ಯುದ್ಧದ ಮಾತಿದೆ. ಆದರೆ ಕಲ್ಲಲ್ಲಿ ಕೆತ್ತಿರೋದು ಹಂದಿಯ ಜೊತೆ ಹೋರಾಡಿ ಸತ್ತ ಒಂದು ನಾಯಿಯನ್ನ. ಅದರ ಹೆಸರು ಕಾಳಿ. ಹೆಸರು ಕೂಡ ಬರೆದಿದ್ದಾರೆ! ನಾಯಿಯ ಹೆಸರನ್ನೂ ಬಿಡದ ನಾಡು ನಮ್ಮದು. ನಾವು ಮನುಷ್ಯರ ಹೆಸರನ್ನ "ಇತರ" ಅಂತ ಬರೆದರೆ ಹೇಗೆ?

ಪ್ರಶ್ನೆ ಕೇಳುವವ

ಯೋಧರನ್ನ ನಾಯಿಗೆ ಹೋಲಿಸೋದು ನನಗೆ ಸರಿ ಅನ್ನಿಸಲಿಲ್ಲ.

ಶಾಸನ ಓದುವವಳು

ಹೋಲಿಸಲಿಲ್ಲ ಅಣ್ಣ. ಜೀವ ಕೊಟ್ಟವರು ಯಾರೇ ಇರಲಿ, ಹೆಸರು ಬರೆಯೋದು ನಮ್ಮ ರೂಢಿ ಅಂದೆ. ಆ ನಾಯಿಯ ಒಡೆಯ ಆ ಕಲ್ಲಿಗೆ ಪೂಜೆ ನಡೆಯಲಿ ಅಂತ ಭೂಮಿಯನ್ನೂ ಬಿಡಿಸಿಕೊಟ್ಟ. ಅಷ್ಟು ಗೌರವ ಇತ್ತು.

ಗದಗಿನ ಅಕ್ಕ

ನಮ್ಮ ಊರ ಹೊರಗೂ ವೀರಗಲ್ಲಿದೆ. ಹೆಸರು ಸವೆದುಹೋಗಿದೆ. ಆದರೂ ಅವ್ವ ಹೊಲಕ್ಕೆ ಹೋಗುವಾಗ ಅದಕ್ಕೆ ಒಂದು ಕೈ ಮುಗಿದೇ ಹೋಗುತ್ತಿದ್ದಳು.

ಪ್ರಶ್ನೆ ಕೇಳುವವ

ಸರಿ, ನಾನು ಸೋತೆ ಅಂತಲ್ಲ, ಒಪ್ಪಿದೆ. ಮೇಷ್ಟ್ರೇ, ನಾಲ್ಕೂ ಹೆಸರು ಬರೆಸಿ. ಆದರೆ ಒಂದು ಮಾಡಿ. ಮುಂದಿನ ವರ್ಷ ಬೇರೆ ಹೆಸರು ಬರೆಸಿ. ಅದರ ಮುಂದಿನ ವರ್ಷ ಇನ್ನೂ ಬೇರೆ. ಪ್ರತಿ ವರ್ಷ ಹಲಗೆಗೆ ಹೊಸದಾಗಿ ಕಪ್ಪು ಬಳಿಸಿ. ಒಂದೊಂದು ಬ್ಯಾಚ್ ಮಕ್ಕಳೂ ನಾಲ್ಕು ಹೆಸರು ಬಾಯಿಪಾಠ ಮಾಡಿಕೊಂಡು ಹೋಗಲಿ.

ಮಲೆನಾಡ ಮೇಷ್ಟ್ರು

ಇದು ನನಗೆ ತುಂಬಾ ಹಿಡಿಸಿತು. ಹಾಗೇ ಮಾಡುತ್ತೇವೆ.

ದಾವಣಗೆರೆ ವಕೀಲ

ಅವರಿಗೆ ಪದಕ ಏನು ಸಿಕ್ಕಿತು? ನಾಲ್ವರಿಗೂ ಸಿಕ್ಕಿತಾ ಅಥವಾ ಅಲ್ಲೂ ಅಧಿಕಾರಿಗಳಿಗೆ ಮಾತ್ರಾನಾ?

ನಿವೃತ್ತ ಸಾರ್ಜೆಂಟ್, ಯಲಹಂಕ

ನಾಲ್ವರಿಗೂ. ಶೌರ್ಯಕ್ಕಾಗಿ ಕೊಡೋ ವಾಯುಸೇನಾ ಪದಕ, ಮರಣೋತ್ತರ. ಅಲ್ಲಿ ಭೇದ ಮಾಡಲಿಲ್ಲ.

ಅವರ ಘಟಕ 152 ಹೆಲಿಕಾಪ್ಟರ್ ಯೂನಿಟ್. ಇರೋದು ಉತ್ತರ ಪ್ರದೇಶದ ಸಹಾರನ್‌ಪುರ ಜಿಲ್ಲೆಯ ಸರಸಾವಾದಲ್ಲಿ. "ಮೈಟಿ ಆರ್ಮರ್" ಅಂತ ಕರೀತಾರೆ. 2024ರಲ್ಲಿ ಕಾರ್ಗಿಲ್‌ಗೆ 25 ವರ್ಷ ತುಂಬಿದಾಗ ವಾಯುಪಡೆ ತನ್ನ ಕಾರ್ಯಕ್ರಮ ಮಾಡಿದ್ದು ಅಲ್ಲೇ. ಆಗಿನ ವಾಯುಪಡೆ ಮುಖ್ಯಸ್ಥ ವಿ.ಆರ್. ಚೌಧರಿ ಬಂದು ಸ್ಮಾರಕಕ್ಕೆ ಹೂವಿಟ್ಟರು. ಮನೆಯವರನ್ನ ಕರೆಸಿ ಗೌರವಿಸಿದರು. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಹುತಾತ್ಮರ ಹೆಸರನ್ನ ಗ್ರಾನೈಟ್ ಇಟ್ಟಿಗೆಗಳ ಮೇಲೆ ಕೆತ್ತಿದ್ದಾರೆ. ಯಾವ ರ‍್ಯಾಂಕಿನವನಾದರೂ ಇಟ್ಟಿಗೆ ಒಂದೇ ಅಳತೆ. ನಾನು ಹೋದಾಗ ಸುಮ್ನೆ ಕೈಯಿಟ್ಟು ನಡೆದುಕೊಂಡು ಹೋದೆ. ಬಿಸಿಲಿಗೆ ಕಲ್ಲು ಕಾದಿತ್ತು.

ಶಾಸನ ಓದುವವಳು

ಬೆಂಗಳೂರಿನ ಸೈನಿಕ ಸ್ಮಾರಕದಲ್ಲೂ ಹೆಸರುಗಳಿವೆ, ಜೊತೆಗೆ ಒಂದೇ ಕಲ್ಲಿನ 75 ಅಡಿ ವೀರಗಲ್ಲು. ಯಲಹಂಕದಿಂದ ಬಸ್ಸಿನಲ್ಲೇ ಹೋಗಬಹುದು ಸರ್, ನೋಡಿದ್ದೀರಾ?

ನಿವೃತ್ತ ಸಾರ್ಜೆಂಟ್, ಯಲಹಂಕ

ನೋಡಿದ್ದೇನಮ್ಮ. ಮೊಮ್ಮಗನನ್ನ ಕರ್ಕೊಂಡು ಹೋಗಿದ್ದೆ. ಅವನು ಅಲ್ಲಿದ್ದ ಹೆಸರುಗಳನ್ನ ಒಂದೊಂದೇ ಓದೋಕೆ ಶುರು ಮಾಡಿದ. ಸಂಜೆ ಆದ್ರೂ ಹೊರಡಲೊಲ್ಲ.

ಕಡೂರು ಹುಡುಗ

ಮೇಷ್ಟ್ರೇ, ಬೋರ್ಡ್ ಆಯ್ತಾ? ಎರಡು ದಿನದಿಂದ ಸುದ್ದಿಯಿಲ್ಲ.

ಮಲೆನಾಡ ಮೇಷ್ಟ್ರು

ಕ್ಷಮಿಸಿ, ಇಲ್ಲಿ ವಿಪರೀತ ಮಳೆ. ಕರೆಂಟ್ ಇರಲಿಲ್ಲ.

ನಿನ್ನೆ ಕ್ಲಾಸಿನಲ್ಲಿ ಎರಡು ಬೆಂಚು, ಮಧ್ಯೆ ಸ್ಟೂಲ್, ಹಿಂದೆ ಬಾಗಿಲ ಹತ್ತಿರ ಒಬ್ಬ ಅಂತ ಮಾಡಿ ತೋರಿಸಿದೆ. ನಾಲ್ಕು ಮಕ್ಕಳು ಕೂತರು. ಕಿಟಕಿ ಆಚೆ ಇರೋ ಗುಡ್ಡವೇ ತೋಲೋಲಿಂಗ್ ಅಂದೆ. ಮುಂದೆ ಕೂತಿದ್ದ ಹುಡುಗನಿಗೆ ಕೇಳಿದೆ, "ನಿನ್ನ ಹಿಂದೆ ಏನಾಗ್ತಿದೆ ಹೇಳು." ಅವನು ಹಿಂದೆ ತಿರುಗೋಕೆ ಹೋದ. "ತಿರುಗಬಾರದು" ಅಂದೆ. ಆಗ ಬಾಗಿಲ ಹತ್ತಿರ ನಿಂತಿದ್ದವನು ಅಲ್ಲಿಂದಲೇ ಕೂಗಿದ, "ಹೆಡ್ ಮೇಷ್ಟ್ರು ಬರ್ತಿದಾರೆ!" ಇಡೀ ಕ್ಲಾಸು ನಕ್ಕಿತು. ಆಮೇಲೆ ಎಲ್ಲರೂ ತಾವಾಗಿಯೇ ಸುಮ್ಮನಾದರು. ಅವನ ಕೆಲಸ ಏನು ಅಂತ ಯಾರಿಗೂ ಮತ್ತೆ ಹೇಳಬೇಕಾಗಲಿಲ್ಲ. ಫ್ಲೇರ್ ಇರಲಿಲ್ಲ ಅನ್ನೋದನ್ನೂ ಹೇಳಿದೆ ವಕೀಲರೇ. ಒಬ್ಬ "ಯಾಕೆ ಸರ್ ಇರಲಿಲ್ಲ?" ಅಂತ ಕೇಳಿದ. ಅದರ ಮೇಲೆ ಅರ್ಧ ಗಂಟೆ ಮಾತು ನಡೀತು.

ಮುಹಿಲನ್ ಅಂದರೆ ಮುಗಿಲು ಅಂದಾಗ ಎಲ್ಲರೂ ಕಿಟಕಿ ಕಡೆ ನೋಡಿದರು. ಹೊರಗೆ ಮೋಡ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಜಾಗ ಸಾಲದ್ದಕ್ಕೆ ಹುಡುಗಿಯೇ ದಾರಿ ಹುಡುಕಿದಳು. ನಾನು ಬರೆದುಕೊಟ್ಟ ಸಾಲನ್ನೇ ತೆಗೆದುಬಿಟ್ಟಳು. ಮೇಲೆ ತಾರೀಕು, ಜಾಗ. ಕೆಳಗೆ ನಾಲ್ಕು ಹೆಸರು, ನಾಲ್ಕೂ ಒಂದೇ ಗಾತ್ರ. ಪಿ.ವಿ.ಎನ್.ಆರ್. ಬರೆಯುವಾಗ ಒಂದು ಚುಕ್ಕೆ ಬಿಟ್ಟುಹೋಗಿತ್ತು. ಅವಳೇ ನೋಡಿ, ಮನೆಗೆ ಹೊರಟವಳು ವಾಪಸ್ ಬಂದು ಇಟ್ಟಳು.

ಗದಗಿನ ಅಕ್ಕ

ಫೋಟೋ ಹಾಕ್ರಿ ಸರ್. ಅವ್ವ ಈಗಿಲ್ಲ. ಅಣ್ಣನಿಗೆ ಕಳಿಸ್ತೇನೆ.

ಮಲೆನಾಡ ಮೇಷ್ಟ್ರು

ಹಾಕ್ತೀನಿ ಅಕ್ಕ. ಮಳೆಗಾಲ ನೋಡಿ, ಬಣ್ಣ ಇನ್ನೂ ಒಣಗಿಲ್ಲ. ಸ್ಟಾಫ್ ರೂಮಿನಲ್ಲಿ ಫ್ಯಾನ್ ಕೆಳಗೆ ಒರಗಿಸಿಟ್ಟಿದ್ದೇವೆ.